ಗೋಡೆಯಾಚೆಯ ಗಿರಾಕಿ

ನಮ್ಮ ವಂಶದಲ್ಲಿ ವ್ಯಾಪಾರವೆಂಬ ವಿದ್ಯೆಯನ್ನು ಬಲ್ಲವರು ಯಾರೂ ಆಗಿಹೋಗಿಲ್ಲ. ಕೊಂಡು ಮೋಸಹೋದವರು ಮಾತ್ರ ತಲೆಮಾರಿಗೆ ಒಬ್ಬಿಬ್ಬರಂತೆ ಇದ್ದು, ಅವರ ಕಥೆಗಳು ಶ್ರಾದ್ಧದ ಊಟದ ತರುವಾಯ ಎಲೆಯಡಿಕೆಯ ಹರಿವಾಣದ ಸುತ್ತ ಇಂದಿಗೂ ಗೌರವಪೂರ್ವಕವಾಗಿ ಸ್ಮರಿಸಲ್ಪಡುತ್ತವೆ. ಇಂತಹ ನಿಷ್ಕಳಂಕ ಪರಂಪರೆಯಲ್ಲಿ ಹುಟ್ಟಿ, ಪ್ರೌಢಶಾಲೆಯ ಮಕ್ಕಳಿಗೆ ಸಂಧಿಸಮಾಸಗಳನ್ನು ಬೋಧಿಸುತ್ತಲೇ ತಲೆ ನರೆಸಿಕೊಂಡು, ನಿವೃತ್ತನಾಗಿ, ಸಾಗರದ ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ಪತ್ರಿಕೆಯನ್ನು ಹರಡಿಕೊಂಡು ನಿರುಪದ್ರವಿಯಾಗಿ ಕುಳಿತಿದ್ದ ನಾನು 2024ರ ಬೇಸಗೆಯಲ್ಲಿ ಹಲಸಿನ ಹಪ್ಪಳದ ಆನ್‌ಲೈನ್ ವರ್ತಕನಾದುದನ್ನು ಗ್ರಹಚಾರವೆಂದು ನನ್ನ ಪತ್ನಿಯೂ ಪುರೋಭಿವೃದ್ಧಿಯೆಂದು ನನ್ನ ಮಗನೂ ವ್ಯಾಖ್ಯಾನಿಸುತ್ತಾರೆ. ನನಗಾದರೋ, ಅಂಗಡಿಯ ಕಟ್ಟೆ ಹತ್ತುವುದಕ್ಕೆ ನಾಚುತ್ತಿದ್ದ ಮನುಷ್ಯನು ಅಂಗಡಿಯ ಯಜಮಾನನೇ ಆಗಿಬಿಟ್ಟೆನೆಂಬ ಪುಳಕವನ್ನು ಈ ಇಳಿವಯಸ್ಸಿನಲ್ಲಿ ಬಚ್ಚಿಡುವುದೇ ಕಷ್ಟವಾಯಿತು.

ಇದಕ್ಕೆಲ್ಲ ಮೂಲ ನನ್ನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೂ ಮನೆಯ ಒರಳು, ಒನಕೆ, ಹಪ್ಪಳದ ಮಣೆಗಳ ಮೇಲೆ ಏಕಚ್ಛತ್ರಾಧಿಪತ್ಯವನ್ನು ನಡೆಸಿಕೊಂಡು ಬಂದಿರುವ ಈಕೆ, ಹಲಸು ಬಲಿತಿದ್ದರೂ ಹಣ್ಣಾಗದಿರುವ ಆ ಅಲ್ಪಾವಧಿಯ ಸಂಧಿಕಾಲವನ್ನು ಕಾಯಿಯ ಮೈಮೇಲೆ ಬೆರಳಿನಿಂದ ಬಡಿದು ಕೇಳಿಯೇ ನಿರ್ಣಯಿಸಿ, ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಜೀರಿಗೆಗಳೊಡನೆ ಕುಟ್ಟಿ, ಉಂಡೆಕಟ್ಟಿ, ಎಣ್ಣೆ ಸವರಿದ ಹಾಳೆಗಳ ನಡುವೆ ಒತ್ತಿ, ಅಂಗಳದ ಚಾಪೆಯ ಮೇಲೆ ಕಾಗೆಗಳ ವಿರೋಧದ ನಡುವೆಯೂ ಒಣಗಿಸಿದ ಹಪ್ಪಳದ ಒಂದು ಕಟ್ಟನ್ನು ನನ್ನ ಮಗನು ಬೆಂಗಳೂರಿನ ತನ್ನ ಆಫೀಸಿಗೆ ಒಯ್ದಿದ್ದನು. “ದೊಡ್ಡಮ್ಮನ ಹಪ್ಪಳ ಅಂದ್ರೆ ಅಲ್ಲಿ ಹೊಡೆದಾಟ, ಅಪ್ಪಯ್ಯ” ಎಂದು ಅವನು ಬಂದು ಹೇಳಿದ ಒಂದು ಮಾತಿಗಿಂತ ಬೇರೆ ಮಾರುಕಟ್ಟೆಯ ಅಧ್ಯಯನವೇನೂ ನಮಗೆ ಅವಶ್ಯವೆಂದು ತೋರಲಿಲ್ಲ.

ಮೂಲಧನವೆಂದರೆ ನನ್ನ ಪಿಂಚಣಿಯ ಹಿಂಬಾಕಿಯಲ್ಲಿ ಉಳಿದಿದ್ದ 15,000 ರೂಪಾಯಿ. ಇದು ತೀರ ಅಲ್ಪವೆಂದು ಪತ್ನಿ ಶಂಕಿಸಿದಾಗ ನಾನು ಪತ್ರಿಕೆಯ ತುಣುಕೊಂದನ್ನು ಹೊರತೆಗೆದು, 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವಿನ ಕಟ್ಟಡವೊಂದರ ತಾರಸಿಯ ಮೇಲೆ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ನಾಲ್ಕು ಪೊಟ್ಟಣ ಹಪ್ಪಳದಿಂದ ಆರಂಭಿಸಿದ ಕಾರ್ಯವೇ ಲಿಜ್ಜತ್ ಎಂಬ ಮಹಾಸಂಸ್ಥೆಯಾಗಿ ಬೆಳೆದುದನ್ನೂ, ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದುದನ್ನೂ ತರಗತಿಯಲ್ಲಿ ಓದುವ ಧ್ವನಿಯಲ್ಲಿ ಓದಿದೆನು. ಎಲ್ಲರೂ ತಲೆದೂಗಿದರು. ಅತ್ತಿಗೆ ಮಾತ್ರ ಹಲಸಿನ ಬೇಳೆ ಸುಲಿಯುತ್ತ ಸುಮ್ಮನಿದ್ದಳು.

ಸರ್ಕಾರದ ಕಡೆಯ ಕಾರ್ಯ ನಾನು ಹೆದರಿದ್ದಷ್ಟು ಕಠಿನವಾಗಿರಲಿಲ್ಲ. ವರ್ಷದ ವಹಿವಾಟು 12 ಲಕ್ಷವನ್ನು ಮೀರದ ನಮ್ಮಂಥವರಿಗೆ ಆಹಾರ ಸುರಕ್ಷತೆಯ ನೋಂದಣಿ ವರ್ಷಕ್ಕೆ 100 ರೂಪಾಯಿಗೆ ದೊರೆಯಿತು. ಜೊತೆಗೆ 14 ಅಂಕಿಗಳ ಒಂದು ಸಂಖ್ಯೆ ಬಂದಿತು, ಅದನ್ನು ನಾನು ಕಂಠಪಾಠ ಮಾಡಿದೆನು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲವೆಂದೂ ಉಪ್ಪಿನಕಾಯಿಗೆ ಶೇಕಡಾ 12 ಉಂಟೆಂದೂ ತಿಳಿದುಬಂದುದರಿಂದ ಅಪ್ಪೆಮಿಡಿಯನ್ನು ಜಾಡಿಯಲ್ಲಿಯೇ ಬಿಟ್ಟೆವು. (2025ರ ಸೆಪ್ಟೆಂಬರಿನಲ್ಲಿ ಅದು ಶೇಕಡಾ 5ಕ್ಕೆ ಇಳಿದಾಗ ಜಾಡಿಯೇ ಬರಿದಾಗಿತ್ತು.) ಸರಕಿನ ಚಿತ್ರದ ಹಿನ್ನೆಲೆ ಅಚ್ಚ ಬಿಳುಪಾಗಿರತಕ್ಕದ್ದೆಂದು ಜಾಲದಂಗಡಿಯವರ ಕಟ್ಟಳೆಯಿದ್ದುದರಿಂದ ನನ್ನ ಮದುವೆಯ ಪಂಚೆ ಆ ಕಾರ್ಯಕ್ಕೆ ವಿನಿಯೋಗವಾಯಿತು. ಹಪ್ಪಳವನ್ನು ಕುರಿತು ನಾನು ಒಂದೂವರೆ ಪುಟದಷ್ಟು ಲಲಿತವಾಗಿ ರಚಿಸಿದ್ದ ವರ್ಣನೆಯನ್ನು ಮಗನು ‘ಮಲೆನಾಡಿನ ಹಲಸಿನ ಹಪ್ಪಳ, ಅರ್ಧ ಕಿಲೋ’ ಎಂದು ಸಂಗ್ರಹಿಸಿದನು. ಸಾಹಿತ್ಯದ ಅಭಿರುಚಿ ಮುಂದಿನ ಪೀಳಿಗೆಯಲ್ಲಿ ಕುಗ್ಗುತ್ತಿದೆಯೆಂಬ ನನ್ನ ಅಭಿಪ್ರಾಯ ಅಂದು ದೃಢವಾಯಿತು.

ನಮ್ಮನ್ನು ನಿಜವಾಗಿ ಕಂಗೆಡಿಸಿದುದು ತೂಕ. ನಾನು ತಿಳಿದಿದ್ದಂತೆ ಅರ್ಧ ಕಿಲೋ ಎಂದರೆ ಅರ್ಧ ಕಿಲೋ. ಆದರೆ ಕೊರಿಯರಿನವರ ಶಾಸ್ತ್ರದಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಸಂಖ್ಯೆಯೂ ಒಂದು ತೂಕ. ವಾಸ್ತವವಾದ ತೂಕಕ್ಕಿಂತ ಅದು ಹೆಚ್ಚಾಗಿದ್ದರೆ ಅದೇ ಪ್ರಮಾಣ. ಒಡೆಯದಂತೆ ಹಪ್ಪಳವನ್ನು ಅಡಿಕೆಹಾಳೆಯ ಎರಡು ತಟ್ಟೆಗಳ ನಡುವೆ ಇಟ್ಟು, ಸುತ್ತ ಕಾಗದದ ಚೂರುಗಳನ್ನು ತುಂಬಿದ 30, 25, 15ರ ಪೆಟ್ಟಿಗೆ ಈ ಲೆಕ್ಕದಲ್ಲಿ ಎರಡೂಕಾಲು ಕಿಲೋ ತೂಗಿ, ಅರ್ಧರ್ಧ ಕಿಲೋಗಳಾಗಿ ಏರಿಸುವ ಅವರ ಪದ್ಧತಿಯಂತೆ ಎರಡೂವರೆಯಾಯಿತು. ಹಾಗಾದರೆ ಉಳಿದ ಎರಡು ಕಿಲೋ ಏನೆಂದು ನಾನು ದೂರವಾಣಿಯಲ್ಲಿ ವಿಚಾರಿಸಲಾಗಿ, ಅತ್ತಲಿನ ತರುಣಿ ಬಹು ಸೌಜನ್ಯದಿಂದ, “ಗಾಳಿ, ಸರ್” ಎಂದಳು.

ಬೆಲೆ ಕಟ್ಟುವ ಕೆಲಸವನ್ನು ಮಗ ಲ್ಯಾಪ್‌ಟಾಪಿನಲ್ಲಿ ಮಾಡಿದನು. ಪೆಟ್ಟಿಗೆ, ಟೇಪು, ಲೇಬಲ್ಲು, ಜಾಲದಂಗಡಿಯವರ ಕಮಿಷನ್ನು, ಮೇಲೆ ಹೇಳಿದ ಗಾಳಿ, ಎಲ್ಲಕ್ಕೂ ಒಂದೊಂದು ಅಂಕಿ ಬಿತ್ತು. ಅರ್ಧ ಕಿಲೋವಿಗೆ 240 ರೂಪಾಯಿಯೆಂದು ತೀರ್ಮಾನವಾಯಿತು. ಮೊದಲ ಗಿರಾಕಿಗಳನ್ನು ಆಕರ್ಷಿಸಲು ಅರ್ಧ ಬೆಲೆಯ ಕೂಪನ್ನನ್ನೂ ಉಚಿತ ರವಾನೆಯನ್ನೂ ಘೋಷಿಸಿ ನಾವೆಲ್ಲ ಫೋನಿನ ಸುತ್ತ ಕುಳಿತೆವು.

ಮೊದಲನೆಯ ಆರ್ಡರು ಬಂದುದು ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಪತ್ನಿ ದೇವರಿಗೆ ಕೈಮುಗಿದಳು. ಮಗ ವಿಳಾಸವನ್ನು ಓದತೊಡಗಿದನು: ಜಿಲ್ಲೆ ಶಿವಮೊಗ್ಗ, ತಾಲ್ಲೂಕು ಸಾಗರ, ಬೀದಿ ನಮ್ಮದೇ ಬೀದಿ, ಮನೆಯ ಸಂಖ್ಯೆ ನಮ್ಮ ಸಂಖ್ಯೆಗಿಂತ ಒಂದು ಹೆಚ್ಚು. ಅಂದರೆ, ನಮ್ಮ ಬಚ್ಚಲಿನ ಗೋಡೆಯನ್ನೇ ತಮ್ಮ ಹಿತ್ತಿಲ ಗೋಡೆಯಾಗಿ ಉಳ್ಳ, ನಾನು ಈ ಮನೆಯಲ್ಲಿ ಬುದ್ಧಿ ಬಂದಂದಿನಿಂದ ಕೆಮ್ಮಿನಿಂದಲೇ ಗುರುತಿಸಬಲ್ಲ, ನಿವೃತ್ತ ಶಿರಸ್ತೇದಾರರು.

ಪೊಟ್ಟಣವನ್ನು ಗೋಡೆಯ ಮೇಲಿನಿಂದ ದಾಟಿಸಿಬಿಡುವುದೆಂದು ನಾನು ಎದ್ದೆನು. ಮಗ ತಡೆದನು, ಹಾಗೆ ಮಾಡಿದರೆ ಆರ್ಡರು ರವಾನೆಯಾಗಲಿಲ್ಲವೆಂದು ದಾಖಲಾಗಿ ನಮ್ಮ ಅಂಗಡಿಯ ಹೆಸರಿಗೆ ಮೊದಲ ದಿನವೇ ಕಳಂಕ ತಟ್ಟುವುದಂತೆ. ಆದರೂ ಗಿರಾಕಿಯ ಅಭಿಪ್ರಾಯವನ್ನು ಕೇಳೋಣವೆಂದು ನಾನು ಗೋಡೆಯ ಬಳಿಗೆ ಹೋಗಿ ಸಂಗತಿಯನ್ನು ನಿವೇದಿಸಿದೆನು. ತಾಲ್ಲೂಕು ಕಚೇರಿಯಲ್ಲಿ ಆಯುಷ್ಯವನ್ನು ಸವೆಸಿದ ಆ ಮಹನೀಯರು ಕನ್ನಡಕವನ್ನು ಹಣೆಗೇರಿಸಿ, “ಛೆ, ಅದು ಹೇಗಾಗ್ತದೆ ಮೇಷ್ಟ್ರೇ? ಎಲ್ಲವೂ ಸೂಕ್ತ ಮಾರ್ಗದ ಮೂಲಕವೇ ಬರಬೇಕು” ಎಂದರು.

ಸೂಕ್ತ ಮಾರ್ಗವು ಹೀಗಿತ್ತು. ಮರುದಿನ ಬೆಳಗ್ಗೆ ಬೈಕಿನಲ್ಲಿ ಬಂದ ಹುಡುಗನು ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಶಿರಸ್ತೇದಾರರ ಗೇಟಿನ ಮುಂದಿನಿಂದಲೇ ಹಾದುಹೋದನು. ಅವರು ಜಗಲಿಯಲ್ಲಿ ನಿಂತು, ತಮ್ಮದೇ ಸೊತ್ತು ತಮ್ಮನ್ನು ದಾಟಿ ಹೋಗುವುದನ್ನು ಅಧಿಕಾರಿಗೆ ಸಹಜವಾದ ನಿರ್ಲಿಪ್ತತೆಯಿಂದ ಅವಲೋಕಿಸಿದರು. ಪೆಟ್ಟಿಗೆ ಆನಂದಪುರ, ಕುಂಸಿಗಳನ್ನು ಹಾದು ಶಿವಮೊಗ್ಗವನ್ನು ಸೇರಿತು. ಅಲ್ಲಿಂದ ಹಿಂದಿರುಗುವುದೆಂದು ನಾವು ಭಾವಿಸಿದ್ದು ಅಜ್ಞಾನ. ಪೆಟ್ಟಿಗೆಗಳನ್ನು ವಿಂಗಡಿಸುವ ಜ್ಞಾನ ಬೆಂಗಳೂರಿನ ಹೊರವಲಯದ ಗೋದಾಮಿಗೆ ಮಾತ್ರ ಇರುವುದರಿಂದ, ಅದು ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರುಗಳ ಮೇಲೆ ರಾತ್ರಿಯೆಲ್ಲ ಪಯಣಿಸಿತು. ಶಿರಸ್ತೇದಾರರು ತಮ್ಮ ಫೋನನ್ನೂ ನಾನು ನನ್ನ ಫೋನನ್ನೂ ಹಿಡಿದು ಗೋಡೆಯ ಎರಡು ಬದಿಗಳಲ್ಲಿ ಬೆಳಗ್ಗೆ ಸಂಜೆ ಸಂಧಿಸತೊಡಗಿದೆವು. “ಬೆಂಗಳೂರು ಮುಟ್ಟಿದೆ” ಎಂದು ಅವರು. “ಇನ್ನೂ ಹೊರಟಿಲ್ಲ” ಎಂದು ನಾನು. ಕಡತ ಯಾವ ಮೇಜಿನ ಮೇಲೆ ಇದೆಯೆಂಬುದು ಕುಳಿತಲ್ಲಿಯೇ ತಿಳಿಯುವ ಈ ವ್ಯವಸ್ಥೆಯನ್ನು ಅವರು ಮುಕ್ತಕಂಠದಿಂದ ಪ್ರಶಂಸಿಸಿ, ಕೊಂಚ ತಡೆದು, “ನಮ್ಮ ಕಾಲದಲ್ಲಿ ಇದು ಇರಲಿಲ್ಲ, ದೇವರು ದೊಡ್ಡವ” ಎಂದರು.

ಈ ನಡುವೆ ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು, “ಅಂತೂ ನಾ ನೋಡದ ಬೆಂಗಳೂರನ್ನ ನನ್ನ ಹಪ್ಪಳ ನೋಡಿತು” ಎಂದು ಹೇಳಿ ಒಳಗೆ ಹೋದಳು. ಎಲ್ಲರೂ ನಕ್ಕೆವು.

ಪೆಟ್ಟಿಗೆ ಹಿಂತಿರುಗಿ ಸಾಗರವನ್ನು ಮುಟ್ಟಿದ ದಿನ ಶಿರಸ್ತೇದಾರ ದಂಪತಿಗಳು ಇಕ್ಕೇರಿಯ ಕಡೆಗೆ ಒಂದು ಉಪನಯನಕ್ಕೆ ಹೋಗಿದ್ದರು. ಬೀಗವನ್ನು ಕಂಡ ಹುಡುಗನು ಅವರಿಗೆ ಫೋನು ಮಾಡಿದನು. ಅನಂತರ ನಮ್ಮ ಗೇಟನ್ನು ತೆರೆದು ಒಳಬಂದು, “ಪಕ್ಕದ ಮನೆಯಲ್ಲಿ ಕೊಟ್ಟಿರು ಅಂದ್ರು, ನೀವು ತಗೊಳ್ತೀರಾ ಸಾರ್?” ಎಂದು ಕೇಳಿ, ನನ್ನದೇ ಕೈಬರಹದಲ್ಲಿ ‘ಜೋಪಾನ, ಒಡೆಯುವ ವಸ್ತು’ ಎಂದಿದ್ದ ಪೆಟ್ಟಿಗೆಯನ್ನು ನನ್ನ ಕೈಗೆ ಒಪ್ಪಿಸಿ, ನನ್ನಿಂದ ರುಜು ಪಡೆದನು. 700 ಕಿಲೋಮೀಟರಿಗೆ ಕಡಮೆಯಿಲ್ಲದ ದಾರಿಯನ್ನು ಸವೆಸಿ, ಮೂಲೆಗಳು ಜಜ್ಜಿ, ಸೊರಗಿ, ತವರಿಗೆ ಬಂದ ಮಗಳಂತೆ ಅದು ನಮ್ಮ ಜಗಲಿಯಲ್ಲಿ ಆ ಮಧ್ಯಾಹ್ನ ಕುಳಿತಿತ್ತು. ಕುಶಲವನ್ನು ವಿಚಾರಿಸುವುದೊಂದು ಬಾಕಿ. ಸಂಜೆ ಶಿರಸ್ತೇದಾರರು ಬಂದರು. ನಾನು ಅದನ್ನು ಎತ್ತಿ ಗೋಡೆಯ ಮೇಲಿನಿಂದ ದಾಟಿಸಿದೆನು. ಅವರು ಗಿರಾಕಿಯಾಗಿ ನೂರಿಪ್ಪತ್ತು ರೂಪಾಯಿ ತೆತ್ತಿದ್ದರು; ರವಾನೆಗೆ ನಾನು ತೆತ್ತದ್ದು ಅದಕ್ಕಿಂತ ಹೆಚ್ಚು. ರಾತ್ರಿ ಅವರ ವಿಮರ್ಶೆ ಪ್ರಕಟವಾಯಿತು: ಮೂರು ನಕ್ಷತ್ರ, ‘ರುಚಿ ಎಂದಿನಂತೆ ಉತ್ತಮ. ವಿಲೇವಾರಿಯಲ್ಲಿ ವಿಳಂಬ.’

ಇದನ್ನು ಹೇಳಿ ಹೇಳಿ ನಾನು ಊರಿನವರನ್ನೆಲ್ಲ ನಗಿಸಿದೆನು. ಆದರೆ ಒಂದು ಸಂದೇಹ ನನ್ನಲ್ಲಿ ಉಳಿದಿತ್ತು. ಪ್ರತಿ ಬೇಸಗೆಯಲ್ಲಿಯೂ ಅತ್ತಿಗೆ ಕೊಡುವ ಹಪ್ಪಳದ ಕಟ್ಟು ಅದೇ ಗೋಡೆಯ ಮೇಲಿನಿಂದ ಆ ಮನೆಗೆ ಹೋಗುತ್ತಿದ್ದಿತಲ್ಲ, ಈ ಸಲವೇಕೆ ಕೊಂಡರು? ಕೂಪನ್ನಿನ ಆಸೆಯೆಂದು ನಾನು ಸಮಾಧಾನ ಮಾಡಿಕೊಂಡಿದ್ದೆನು. ಶಿರಸ್ತೇದಾರರ ಮಡದಿ ಒಂದು ದಿನ ಕರಿಬೇವು ಕೊಯ್ಯಲು ಬಂದಾಗ ಅತ್ತಿಗೆಯೇ ಕೇಳಿದಳು. ಆಕೆ ಸೆರಗಿನ ಅಂಚನ್ನು ತಿರುಚುತ್ತ, “ನೀವೀಗ ಮಾರೋಕೆ ಇಟ್ಟಿದ್ದೀರಿ. ಮಾರೋ ವಸ್ತುವಿಗೆ ಸುಮ್ಮನೆ ಕೈಯೊಡ್ಡೋದು ಹೇಗೆ, ಅಕ್ಕಾ?” ಎಂದರು. ಈ ಮಾತಿಗೆ ನಮ್ಮ ಮನೆಯಲ್ಲಿ ಯಾರಿಗೂ ನಗು ಬರಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅತ್ತಿಗೆ, “ಅಲ್ಲ ಮಾರಾಯಾ, ಆ ಬೊಂಬಾಯಿಯ ಏಳು ಜನರ ಕಥೆ ಓದಿದೆಯಲ್ಲ, ಅಲ್ಲಿ ಹಪ್ಪಳ ಒತ್ತಿದವರಿಗೆ ಕೂಲಿ ಇತ್ತೋ?” ಎಂದಳು. ಇತ್ತು. ಅಲ್ಲಿ ಒತ್ತುವ ಹೆಂಗಸರೇ ಸಂಸ್ಥೆಯ ಒಡತಿಯರು. ಒತ್ತಿದ ತೂಕಕ್ಕೆ ತಕ್ಕ ಹಣ ಅವರ ಕೈಗೆ ಬರುತ್ತದೆ. ಮಗ ಲ್ಯಾಪ್‌ಟಾಪನ್ನು ತೆರೆದನು. ನಾನು ಹಿಂದಿನಿಂದ ಇಣುಕಿದೆನು. ಗಾಳಿಗೂ ದರ ಹಾಕಿದ್ದ ಆ ಪಟ್ಟಿಯಲ್ಲಿ ಹಲಸಿನಕಾಯಿ, ಬಿಸಿಲು, ದೊಡ್ಡಮ್ಮ ಎಂಬ ಮೂರು ಬಾಬುಗಳು ಒಂದರ ಕೆಳಗೊಂದಿದ್ದು, ಮೂರರ ಮುಂದೆಯೂ ಸೊನ್ನೆ ಇದ್ದಿತು.

ಅನಂತರದ ಚರಿತ್ರೆಯಲ್ಲಿ ವಿಸ್ತರಿಸತಕ್ಕದ್ದು ಹೆಚ್ಚಿಲ್ಲ. ‘ತಲುಪಿದಾಗ ಹಣ’ ಎಂಬ ಸೌಲಭ್ಯದಲ್ಲಿ ತರಿಸಿ, ತಲುಪುವ ಹೊತ್ತಿಗೆ ಫೋನನ್ನು ಆರಿಸುವ ಜನ ಲೋಕದಲ್ಲಿ ಎಷ್ಟಿದ್ದಾರೆಂಬುದನ್ನು ವ್ಯಾಪಾರಕ್ಕೆ ಇಳಿಯದವರು ಊಹಿಸಲಾರರು. ಮರಳಿ ಬಂದ ಹಪ್ಪಳ ಪುಡಿಯಾಗಿರುತ್ತದೆ, ಹೋದುದಕ್ಕೂ ಬಂದುದಕ್ಕೂ ಬಾಡಿಗೆ ನಮ್ಮದೇ. 1877ರಲ್ಲಿ ಆರಂಭವಾದ ವಿ.ಪಿ.ಪಿ.ಯಲ್ಲಿ ಪುಸ್ತಕ ತರಿಸಿ, ಅಂಚೆಯವನು ಬಂದಾಗ “ಮನೆಯಲ್ಲಿಲ್ಲ ಅನ್ನು” ಎಂದು ಒಳಗಿನಿಂದ ಹೇಳಿಸುತ್ತಿದ್ದ ನನ್ನ ಸೋದರಮಾವನ ನೆನಪಾಗಿ ನಾನು ಕೋಪವನ್ನು ನುಂಗಿಕೊಂಡೆನು. ಚಿತ್ರದಲ್ಲಿದ್ದುದು ಕರಿದ ಹಪ್ಪಳ, ಬಂದುದು ಕರಿಯದ್ದು, ಇದು ವಂಚನೆಯೆಂದು ಬರೆದ ಇನ್ನೊಬ್ಬ ಸದ್ಗೃಹಸ್ಥರ ವಿಷಯದಲ್ಲಿ ಮಾತ್ರ ನುಂಗಿಕೊಳ್ಳಲಾಗಲಿಲ್ಲ. ಅವರಿಗೆ ನಾನು ಬರೆದ ಉತ್ತರವನ್ನು ಮಗ ಕಳಿಸಲು ಒಪ್ಪಲಿಲ್ಲ.

ಮುಂದಿನ ವರ್ಷದ ಬೇಸಗೆಗೆ ಅತ್ತಿಗೆಯ ಕೂಲಿ ಪಟ್ಟಿಯೊಳಕ್ಕೆ ಬಂದಿತು. ಅದನ್ನು ಅವಳು ತಾನೇ ಗೊತ್ತುಮಾಡಿದಳು, ಚೌಕಾಸಿಗೆ ಅವಕಾಶವಿರಲಿಲ್ಲ. ಹಪ್ಪಳದ ಬೆಲೆ 240ರಿಂದ 330ಕ್ಕೆ ಏರಿತು, ಆರ್ಡರುಗಳು ಇಳಿದುವು. “ಕೊಳ್ಳದಿದ್ದರೆ ಬಿಡಲಿ” ಎಂದು ಅವಳು ಒಣಗಿದ ಮೊದಲ ಕಟ್ಟನ್ನು, ಲೇಬಲ್ಲನ್ನು ಅಂಟಿಸಲು ಕೂಡ ಬಿಡದೆ, ಗೋಡೆಯ ಮೇಲಿನಿಂದ ದಾಟಿಸಿದಳು. ಶಿರಸ್ತೇದಾರರು ರಸೀತಿ ಕೇಳದೆ ಸ್ವೀಕರಿಸಿದರೆಂಬುದು ಉಲ್ಲೇಖಾರ್ಹ. ಎರಡನೆಯದು ಎದುರುಮನೆಗೆ, ಮೂರನೆಯದು ಪುರೋಹಿತರಿಗೆ, ನಾಲ್ಕನೆಯದು ಆ ಬೈಕಿನ ಹುಡುಗನ ತಾಯಿಗೆ ಹೋಯಿತು. ಇವನ್ನು ಯಾವ ಬಾಬಿನಲ್ಲಿ ತೋರಿಸುವುದೆಂದು ಮಗ ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಜಾಹೀರಾತು’ ಎಂದು ಬರೆದನು. ಮಳೆ ಹಿಡಿದ ಮೇಲೆ ಲೆಕ್ಕ ನೋಡಲಾಗಿ, ಆ ವರ್ಷ ಮಾರಾಟವಾದುದಕ್ಕಿಂತ ಜಾಹೀರಾತಾದ ಹಪ್ಪಳವೇ ಅಧಿಕವಾಗಿದ್ದಿತು.