ಮುಟ್ಟಬೇಡ ಮೀಮಾಂಸೆ

ಗ್ಯಾಸು ಮತ್ತು ಕರೆಂಟಿನ ಅಪಾಯವನ್ನು ಮಕ್ಕಳಿಗೆ ಬೋಧಿಸಲು ನಮ್ಮ ಮನೆಗಳಲ್ಲಿರುವುದು ಒಂದೇ ಸೂತ್ರ: ‘ಮುಟ್ಟಬೇಡ’. ಮೀಮಾಂಸಕರ ಲೆಕ್ಕದಲ್ಲಿ ಇದು ಅಪ್ಪಟ ನಿಷೇಧವಾಕ್ಯ. ‘ಮುಟ್ಟಿದ್ರೆ ಗುಮ್ಮ ಬರ್ತಾನೆ’ ಎಂಬುದು ಅದರ ಅರ್ಥವಾದ. ‘ಯಾಕೆ?’ ಎಂದ ಶಿಷ್ಯನಿಗೆ ಭಾಷ್ಯವಾಗಿ ಸಿಗುವುದು ಕಣ್ಣುಗುಡ್ಡೆಯ ಕೆಂಪು ಮಾತ್ರ. ಇಷ್ಟು ಚೊಕ್ಕವಾದ ಶಾಸ್ತ್ರ ದಿನವೂ ಸೋಲುವುದೇಕೆ? ಪ್ರಬಂಧಕಾರರ ಸಿದ್ಧಾಂತ ಇಷ್ಟೆ: ಮಕ್ಕಳು ಹುಟ್ಟು ಚಾರ್ವಾಕರು. ಅವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ, ದೊಡ್ಡವರು ಮಾಡಿದ್ದೇ ಪಠ್ಯ.

ಗೋಡೆಯ ಸಾಕೆಟ್ಟನ್ನೇ ಸಾಕ್ಷಿಗೆ ಕರೆಯೋಣ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿಂಗ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಷಟರ್ ಇರುವ ಸಾಕೆಟ್ಟಿನಲ್ಲಿ ಅದು ಮೊದಲು ಒಳಹೊಕ್ಕರಷ್ಟೇ ಕೆಳಗಿನೆರಡು ತೂತು ತೆರೆಯುತ್ತವೆ. ಪುಟ್ಟ ಬೆರಳಿಗೂ 230 ವೋಲ್ಟಿಗೂ ನಡುವೆ ಇರುವ ಕಾವಲು ಇದು. ಎರಡು ಪಿನ್ನಿನ ಚಾರ್ಜರ್ ಹಿಡಿದ ಗೃಹಸ್ಥ ಮೇಲಿನ ತೂತಿಗೆ ಬಾಲ್‌ಪೆನ್ನಿನ ರಿಫಿಲ್ ಚುಚ್ಚಿ, ಷಟರ್ ಸರಿಸಿ, ಚಾರ್ಜರ್ ಒತ್ತುತ್ತಾನೆ. ಪ್ಲಗ್ಗೇ ಇಲ್ಲವೆಂದರೆ ವೈರಿನ ತುದಿಯನ್ನು ಹಲ್ಲಿನಲ್ಲಿ ಸುಲಿದು ತೂತಿಗೆ ತುರುಕಿ, ಅಲ್ಲಾಡದಂತೆ ಬೆಂಕಿಕಡ್ಡಿ ಸಿಗಿಸುತ್ತಾನೆ. ಮರುದಿನ ಮಗುವಿನ ಕೈಯಲ್ಲಿ ಕಾಣುವ ಹೇರ್‌ಪಿನ್ನನ್ನು ತುಂಟತನ ಎನ್ನುವುದು ಅಶಾಸ್ತ್ರೀಯ. ಅದು ಗುರುಪರಂಪರೆ.

ಅಡುಗೆಮನೆಯಲ್ಲಿ ಅನುಮಾನಪ್ರಮಾಣಕ್ಕೂ ಇದೇ ಗತಿ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಿ ಎಂದರು ತಾರ್ಕಿಕರು. ಗ್ಯಾಸಿಗೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದ್ದು ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿ ನಾತ ಬರಿಸುತ್ತಾರೆ. ಹೇತುವನ್ನು ಹೀಗೆ ಮೂಗಿಗೇ ತಂದು ಹಿಡಿದರೂ ಗೃಹಸ್ಥನಿಗೆ ಸಾಲದು: ಲೈಟ್ ಹಾಕಿ ಹುಡುಕುತ್ತಾನೆ, ನಾತ ಹೋಗಲೆಂದು ಎಕ್ಸಾಸ್ಟ್ ಫ್ಯಾನ್ ಹಾಕುತ್ತಾನೆ. ಸ್ವಿಚ್ಚಿನೊಳಗೊಂದು ಕಿಡಿ ಹಾರುತ್ತದೆಂಬುದು ಅವನ ದರ್ಶನದಲ್ಲಿಲ್ಲ. ಈ ಅನಿಲವೋ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಹಾಗಾಗಿ ‘ಅಮ್ಮಾ, ವಾಸನೆ’ ಎಂದು ಮೊದಲು ಕೂಗುವ ಅರ್ಹತೆ ಮೂರಡಿ ಎತ್ತರದ ಮೂಗಿಗೇ ಹೆಚ್ಚು. ಸ್ವಿಚ್ ಹಾಕಲೂಬಾರದು ಆರಿಸಲೂಬಾರದು, ಬಾಗಿಲು ತೆರೆದಿಟ್ಟು ಹೊರಗೆ ಓಡು, ದೊಡ್ಡವರನ್ನು ಕೂಗು, ಫೋನ್ ಮಾಡುವುದಾದರೆ ಹೊರಗಿನಿಂದಲೇ 1906ಕ್ಕೆ: ಹದಿಮೂರರ ಮಗ್ಗಿಗಿಂತ ಇದು ಸುಲಭ.

ಕಾರಣ ತಿಳಿದರೆ ಮಗುವಿಗೆ ಧೈರ್ಯ ಬರುತ್ತದೆ, ಹೆದರಿಕೆಯೇ ಕ್ಷೇಮ ಎಂಬುದು ಪೂರ್ವಪಕ್ಷ. ಆದರೆ ಗುಮ್ಮ ಸುಳ್ಳೆಂದು ತಿಳಿದ ದಿನವೇ ಸಾಕೆಟ್ಟಿನ ಭಯವೂ ಹೋಗುತ್ತದಲ್ಲ! 30 ಮಿಲಿಆಂಪಿಯರ್ ಸೋರಿದರೆ ಬೀಳುವ ಆರ್‌ಸಿಸಿಬಿ ಇದೆಯಲ್ಲ ಎಂಬುದು ಇನ್ನೊಂದು. ಉಪಕರಣ ಒಳ್ಳೆಯದೇ, ಪದೇಪದೇ ಬೀಳುತ್ತದೆಂದು ಬೇಸತ್ತು ಅದನ್ನು ಬೈಪಾಸ್ ಮಾಡಿಸುವ ಯಜಮಾನನಿಂದ ಅದನ್ನು ಕಾಪಾಡುವವರಿಲ್ಲ. ಮೂರನೆಯದೇ ನಿಜಕ್ಕೂ ಗಂಭೀರ: ಕಲಿತ ಮಗು ನೆಂಟರೆದುರಿಗೇ ‘ಅಪ್ಪಾ, ಗ್ಯಾಸಿನ ಈ ಕಿತ್ತಳೆ ಪೈಪಿಗೆ ಐದು ವರ್ಷ ದಾಟಿದೆಯಲ್ಲಾ?’ ಎಂದುಬಿಡಬಹುದು. ಪೈಪಿನ ಮೇಲೆ ಅಚ್ಚಾದ ವರ್ಷವನ್ನು ಅದು ಓದಲು ಕಲಿಯುವಷ್ಟರಲ್ಲಿ ಹೊಸದನ್ನು ತಂದುಬಿಡುವುದೊಂದೇ ಇದಕ್ಕೆ ನಮಗೆ ಕಂಡ ಪರಿಹಾರ. ಬೆಲೆ ಆ ನೆಂಟರಿಗೆ ತರಿಸುವ ಸ್ವೀಟಿಗಿಂತ ಹೆಚ್ಚೇನಲ್ಲ.