ಎಫ್‌ವೈ ಮಾದರಿ: ಜೋಡಣೆ ಮತ್ತು ಬಳಕೆ

ಅಭಿನಂದನೆಗಳು. ಮಳೆಗಾಲದ ನಡುವೆ ಮುಂಬೈನ ಮಾಟುಂಗದ ನಿಮ್ಮ ಕಾಲೇಜಿಗೆ ಒಂದು ಹೊಚ್ಚಹೊಸ ಎಫ್‌ವೈ, ಅಂದರೆ ಮೊದಲ ವರ್ಷದ, ವಿದ್ಯಾರ್ಥಿನಿ ಬಂದಿಳಿದಿದ್ದಾಳೆ. ತಯಾರಾದ ಸ್ಥಳ ಕುಂದಾಪುರ. ಜೊತೆಗೆ ಒಂದು ಕೊಡೆ, ಒಂದು ಉಪ್ಪಿನಕಾಯಿ ಬಾಟಲಿ, ಎದುರು ಸಿಕ್ಕವರನ್ನೆಲ್ಲ ‘ಸರ್’ ಎನ್ನುವ ಅಭ್ಯಾಸ. ಈ ಕೈಪಿಡಿ ಹಳಬರಿಗೆ ಮಾತ್ರ. ಅವಳಿಗೆ ತುಂಬಲು ಬೇಕಾದಷ್ಟು ಫಾರ್ಮುಗಳಿವೆ.

ಮೊದಲು ಅವಳು ಯಾವ ಸ್ಟೇಷನ್ನಿನಲ್ಲಿ ಇಳಿದಿದ್ದಾಳೆಂದು ವಿಚಾರಿಸಿ. ಸೆಂಟ್ರಲ್ ಲೈನಿನ ಮಾಟುಂಗ ಬೇರೆ, ವೆಸ್ಟರ್ನಿನ ಮಾಟುಂಗ ರೋಡ್ ಬೇರೆ, ಹಾರ್ಬರಿನ ಕಿಂಗ್ಸ್ ಸರ್ಕಲ್ ಇನ್ನೂ ಬೇರೆ. ನಗಬೇಡಿ, ಹೋಗಿ ಕರೆತನ್ನಿ. ಝಡ್ ಬ್ರಿಜ್ ದಾಟುವಷ್ಟರಲ್ಲಿ ಆಡುವ ಮಾತೇ ನಿಜವಾದ ಓರಿಯಂಟೇಶನ್. ಸಭಾಂಗಣದ ಓರಿಯಂಟೇಶನ್ನಿನಲ್ಲಿ ಇಲ್ಲಿನ ಕಾಲೇಜುಗಳು ಹುಟ್ಟಿದ ಇಸವಿಗಳೇ ಜಾಸ್ತಿ: ವಿಜೆಟಿಐ 1887, ರುಯಿಯಾ 1937, ಪೋದಾರ್ 1941. ಹೆಮ್ಮೆಯ ಸಂಗತಿಯೇ. ಆದರೆ 1887ರಲ್ಲಿ ಕೂರಲಾಗುವುದಿಲ್ಲ. ಅವಳಿಗೆ ಬೇಕಾದ್ದು ನಾಳೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಂದು ಕುರ್ಚಿ.

ಚಾರ್ಜಿಂಗ್: ಮಾಟುಂಗ ಸ್ಟೇಷನ್ ಪಕ್ಕದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಗುರುತು ಪರಿಚಯ ಇಲ್ಲದವರೂ ಒಂದೇ ಮೇಜಿನಲ್ಲಿ ಬಾಳೆ ಎಲೆಗೆ ನೀರು ಚಿಮುಕಿಸಿ ಕಾಯುವ ಜಾಗ. ಬಡಿಸುವವರು “ಸಾರು ಹಾಕ್ಲಾ ಅಮ್ಮ?” ಎಂದರೆ ಸಾಕು, ವಾರದಿಂದ ತಲೆಯಾಡಿಸಿಕೊಂಡೇ ಇದ್ದವಳು ಒಂದೇ ಉಸಿರಿಗೆ ಊರು, ಮನೆ, ಮಳೆ ಎಲ್ಲ ಹೇಳಿ ಮುಗಿಸುತ್ತಾಳೆ. ಇಲ್ಲೊಂದು ಎಚ್ಚರಿಕೆ. ಬರೀ ಊರಿನವರ ಜೊತೆ ಬಿಟ್ಟರೆ ಅವಳು ಅಲ್ಲೇ ಉಳಿದುಬಿಡುತ್ತಾಳೆ. 1926ರಲ್ಲಿ ಶುರುವಾದ ಕನ್ನಡಿಗರ ಮೈಸೂರು ಅಸೋಸಿಯೇಷನ್ ಇದೇ ಪೇಟೆಯಲ್ಲಿದೆ, ನಾಟಕಕ್ಕೆ ಧಾರಾಳವಾಗಿ ಕರೆದೊಯ್ಯಿರಿ. ಆದರೆ ಅಲ್ಲಿ ಹಾಜರಿ ಹಾಕುವುದಿಲ್ಲ. ಹಾಗಾಗಿ ಊಟಕ್ಕೆ ತರಗತಿಯ ಗುಜರಾತಿ ಹುಡುಗಿಯೊಬ್ಬಳನ್ನೂ ಎಳೆದುಕೊಂಡು ಹೋಗಿ. ಉಂಡ ಎಲೆಯನ್ನು ಯಾವ ಕಡೆ ಮಡಚಬೇಕೆಂದು ಅವಳಿಗೆ ಹೇಳಿಕೊಡುವ ಅಧಿಕಾರ ನಮ್ಮ ಕುಂದಾಪುರದವಳಿಗೆ ಸಿಗಲಿ. ಬರೀ ಸಹಾಯ ಪಡೆಯುತ್ತ ಯಾರೂ ಒಂದು ಜಾಗದವರಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಕಂಪನಿ ಒಪ್ಪದಿರಬಹುದು.

ದೋಷ ನಿವಾರಣೆ: ತರಗತಿಯಲ್ಲಿ ಧ್ವನಿ ಹೊರಡದಿದ್ದರೆ ಇಂಗ್ಲಿಷಿನ ಭಯ ಇರಬಹುದು. ನೀವೇ ಮೊದಲು ತಪ್ಪು ಇಂಗ್ಲಿಷ್ ಮಾತಾಡಿ. ನಿಮಗೆ ಕಷ್ಟವಾಗಲಾರದು. ಪದೇ ಪದೇ ಕೊಂಕಣ ರೈಲಿನ ವೇಳಾಪಟ್ಟಿ ನೋಡುತ್ತಿದ್ದರೆ ಅದು ದೋಷವಲ್ಲ.

ರ‍್ಯಾಗಿಂಗ್ ಮಾಡಿ ‘ಆನ್’ ಮಾಡಲು ಹೋಗಬೇಡಿ. ಯುಜಿಸಿಯ 2009ರ ನಿಯಮಗಳ ಪ್ರಕಾರ ಆಗ ರದ್ದಾಗುವುದು ನಿಮ್ಮ ಗ್ಯಾರಂಟಿ.

ಒಂದು ಸಂಜೆ ಅವಳು ನಾಕಾದಲ್ಲಿ ಕಟಿಂಗ್ ಚಹಾ ಕುಡಿಯುತ್ತ, ‘ಸರ್’ ಬಿಟ್ಟು, “ಏಯ್, ಐವತ್ತು ರೂಪಾಯಿ ಇದ್ಯಾ?” ಎಂದರೆ ಜೋಡಣೆ ಪೂರ್ಣ. ಸಾಲದ ವಸೂಲಿ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.