ಚೌಕಟ್ಟು ನಿರ್ಣಯ: ‘ಎಂ’ ಮತ್ತು ‘ಎಲ್’ಗಳ ನಡುವೆ ಸಿಕ್ಕಿಕೊಂಡವರ ಸದ್ಗತಿ ವಿಚಾರ

ಮೌಂಟನ್ ಬೈಕ್ ಕೊಳ್ಳಹೊರಟವನ ಎತ್ತರವು ಕಂಪನಿಯ ಅಳತೆಪಟ್ಟಿಯಲ್ಲಿ ‘ಎಂ’ನ ಕೊನೆಗೂ ‘ಎಲ್’ನ ಮೊದಲಿಗೂ ಒಟ್ಟಿಗೇ ಬಂದು ಕೂತರೆ ಅವನು ಯಾವ ಫ್ರೇಮನ್ನು ಆರಿಸಬೇಕು? ಇದೇ ಈ ಪ್ರಬಂಧದ ವಿಷಯ. ವಿಚಾರಣೆಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲವನ್ನೇ ಪೀಠವಾಗಿ ಆರಿಸಿದ್ದಕ್ಕೆ ಕಾರಣವುಂಟು. ಗ್ರಾಮವನ್ನು ‘ಎಸ್’, ತಾಲ್ಲೂಕನ್ನು ‘ಎಲ್’, ಜಿಲ್ಲೆಯನ್ನು ‘ಎಕ್ಸೆಲ್’ ಎಂದು ಇಟ್ಟುಕೊಂಡರೆ ಹೋಬಳಿ ಕೇಂದ್ರವಾದ ದೊಡ್ಡಬೆಳವಂಗಲ ನಿರ್ವಿವಾದವಾಗಿ ‘ಎಂ’. ಸಾಲದ್ದಕ್ಕೆ ಅದು ಇರುವುದು 1986ರಲ್ಲಿ ಬೆಂಗಳೂರು ಗ್ರಾಮಾಂತರ ಎಂಬ ಹೆಸರಿನಿಂದ ಹುಟ್ಟಿದ ಜಿಲ್ಲೆಯಲ್ಲಿ. ಆ ಹುಟ್ಟುಹೆಸರಿನಲ್ಲೇ ಮಹಾನಗರವನ್ನೂ ಗ್ರಾಮವನ್ನೂ ಒಟ್ಟಿಗೆ ಹೊತ್ತು, ಅತ್ತ ಪೇಟೆಯೂ ಆಗದೆ ಇತ್ತ ಹಳ್ಳಿಯಾಗಿಯೂ ಉಳಿಯದೆ ಬಾಳುತ್ತಿರುವ ಜಿಲ್ಲೆ ಅದು. ನಡುವೆ ಸಿಕ್ಕಿಕೊಳ್ಳುವ ವಿದ್ಯೆಯಲ್ಲಿ ಇಷ್ಟು ಪಳಗಿದ ನೆಲ ಪಂಡಿತರಿಗೆ ಬೇರೆಲ್ಲಿ ಸಿಕ್ಕೀತು?

ಮೊದಲು ಪ್ರಮಾಣ ವಿಚಾರ. ಫ್ರೇಮಿನ ಮೇಲೆ ಅಂಟಿಸಿದ ಅಕ್ಷರವನ್ನು ನಂಬಬಹುದೇ? ಕೂಡದು. ದೃಷ್ಟಾಂತವನ್ನು ಹುಡುಕಿ ದೂರ ಹೋಗಬೇಕಿಲ್ಲ. ಹೆಸರನ್ನು ನಂಬಿದವನು ದೊಡ್ಡಬಳ್ಳಾಪುರ ದೊಡ್ಡದು, ಚಿಕ್ಕಬಳ್ಳಾಪುರ ಚಿಕ್ಕದು ಎಂದುಕೊಳ್ಳುತ್ತಾನೆ. ಆದರೆ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದದ್ದು ಚಿಕ್ಕದು. ಇಂದಿಗೂ ತಾಲ್ಲೂಕು ಕೇಂದ್ರವಾಗಿಯೇ ಉಳಿದದ್ದು ದೊಡ್ಡದು. ಸೈಕಲ್ ಕಂಪನಿಗಳ ಪಾಡೂ ಇದೇ. ಒಂದು ಕಂಪನಿಯ ‘ಎಂ’ ಇನ್ನೊಂದರ ‘ಎಲ್’ಗಿಂತ ಉದ್ದವಿರಬಹುದು, ಏಕೆಂದರೆ ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಆದ್ದರಿಂದ ‘ನಾನು ಎರಡು ಅಳತೆಗಳ ನಡುವೆ ಬಿದ್ದಿದ್ದೇನೆ’ ಎಂದು ಕೊರಗುವವನು ಬಿದ್ದಿರುವುದು ಎರಡು ಸ್ಟಿಕ್ಕರುಗಳ ನಡುವೆ ಮಾತ್ರ; ಅವನ ದೇಹದಲ್ಲಿ ಯಾವ ಕುಂದೂ ಇಲ್ಲ.

ನಮ್ಮ ಶಿಲ್ಪಿಗಳಿಗೆ ಈ ಗೊಂದಲವೇ ಇರಲಿಲ್ಲ. ನವತಾಲ ಪದ್ಧತಿಯಲ್ಲಿ ವಿಗ್ರಹದ ಎತ್ತರವನ್ನು 108 ಭಾಗ ಮಾಡಿ, ಒಂದು ಭಾಗವನ್ನೇ ಅಂಗುಲವೆಂದು ಹಿಡಿದು, ಮುಖ, ತೋಳು, ತೊಡೆಗಳನ್ನೆಲ್ಲ ಅದರಿಂದಲೇ ಅಳೆಯುತ್ತಾರೆ. ಅಳತೆಗೋಲು ಮೂರ್ತಿಯ ದೇಹದಿಂದಲೇ ಹುಟ್ಟುವುದರಿಂದ ಯಾವ ದೇವರೂ ‘ಎಂ’ ‘ಎಲ್’ಗಳ ನಡುವೆ ತ್ರಿಶಂಕುವಾದ ದಾಖಲೆಯಿಲ್ಲ. ಸೈಕಲ್ ಲೋಕದಲ್ಲಿ ಈ ತತ್ತ್ವಕ್ಕೆ ತೀರ ಹತ್ತಿರ ಬಂದವನು ಟೂರ್ ಡಿ ಫ್ರಾನ್ಸನ್ನು ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್. ಅವನ ಹೆಸರಿನ ಸೂತ್ರದಂತೆ, ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ನೆಲದಿಂದ ತೊಡೆಸಂದಿಯವರೆಗೆ ಅಳೆದು, ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ನಡು ಅಚ್ಚಿನಿಂದ ಸೀಟಿನ ನೆತ್ತಿಯವರೆಗಿನ ಎತ್ತರ ಸಿಗುತ್ತದೆ. ಕಾಲಿನ ಅಳತೆ 80 ಸೆಂಟಿಮೀಟರ್ ಆದರೆ ಸೀಟು 70.6ರಲ್ಲಿ. ಆದರೆ ಸೂಕ್ಷ್ಮ ಇರುವುದು ಇಲ್ಲೇ. ಈ 70.6 ‘ಎಂ’ ಫ್ರೇಮಿನಲ್ಲೂ ಅಷ್ಟೇ, ‘ಎಲ್’ನಲ್ಲೂ ಅಷ್ಟೇ, ಸೀಟ್ ಪೋಸ್ಟನ್ನು ಏರಿಸಿ ಇಳಿಸಿ ಎರಡರಲ್ಲೂ ಅದನ್ನು ಸಾಧಿಸಬಹುದು. ಹಾಗಾಗಿ ಕಾಲು ಈ ವ್ಯಾಜ್ಯದಲ್ಲಿ ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ.

ಇಲ್ಲಿ ಎದ್ದು ನಿಲ್ಲುವ ಪೂರ್ವಪಕ್ಷ ಬಹಳ ಪ್ರಬಲವಾದದ್ದು: ‘ಬೆಳೆಯೋ ಹುಡುಗ, ದೊಡ್ಡದೇ ಕೊಡಿ.’ ಶಾಲೆಯ ಅಂಗಿಯಿಂದ ಹಿಡಿದು ಚಪ್ಪಲಿಯವರೆಗೆ ಕನ್ನಡ ಕುಟುಂಬಗಳೆಲ್ಲ ಅನುಸರಿಸಿಕೊಂಡು ಬಂದ ಸಂಪ್ರದಾಯವಿದು. ಇದಕ್ಕೆ ಸೈಕಲ್ಲಿನಲ್ಲೂ ಪುರಾವೆಯಿದೆ. 22 ಅಥವಾ 24 ಇಂಚಿನ ಫ್ರೇಮಿನ, 28 ಇಂಚಿನ ಚಕ್ರದ ಅಪ್ಪನ ಸೈಕಲ್ಲನ್ನು ಮೊಣಕೈ ಎತ್ತರದ ಹುಡುಗ ಒಳಪೆಡಲಿನಲ್ಲಿ ಓಡಿಸುತ್ತಿರಲಿಲ್ಲವೇ? ಎಡಗೈ ಹ್ಯಾಂಡಲಿನ ಮೇಲೆ, ಬಲಗೈ ಬಾರನ್ನು ಬಳಸಿ, ಬಲಗಾಲು ತ್ರಿಕೋನದೊಳಗಿಂದ ತೂರಿ ಆಚೆಯ ಪೆಡಲಿಗೆ, ಉಳಿದ ಮೈಯೆಲ್ಲ ಎಡಕ್ಕೆ ಜೋತು, ಅರ್ಧರ್ಧ ಪೆಡಲು ತುಳಿಯುತ್ತ ರಾಗಿ ಹೊಲದ ದಾರಿಯಲ್ಲಿ ಅವನು ಹೋಗುತ್ತಿದ್ದ. ಮುಂದೆ ಬಾರು, ಆಮೇಲೆ ಸೀಟು. ಮೂರು ಆಶ್ರಮಗಳು ಮುಗಿದರೆ ವಿದ್ಯಾಭ್ಯಾಸ ಸಂಪೂರ್ಣ. ಇದಕ್ಕೆ ಸಮಾಧಾನ ಹೀಗೆ: ಹುಡುಗ ಮೇಲಕ್ಕೆ ಬೆಳೆದು ಸೀಟಿಗೆ ಏರಿದ, ಮೌಂಟನ್ ಬೈಕ್ ಕೊಳ್ಳುವ ನಲವತ್ತರ ಗೃಹಸ್ಥ ಇನ್ನು ಬೆಳೆದರೆ ಅಡ್ಡಕ್ಕೆ. ಹೊಟ್ಟೆ ಮುಂದೆ ಬಂದಷ್ಟೂ ಹ್ಯಾಂಡಲ್ ದೂರವಾಗುತ್ತದೆಯೇ ವಿನಾ ಹತ್ತಿರವಾಗುವುದಿಲ್ಲ.

ಎರಡನೆಯ ಪೂರ್ವಪಕ್ಷ ಅದ್ವೈತಿಗಳದು: ಅಳತೆಯೇ ಮಾಯೆ. 2006-07ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿದಾಗ ಸೈಕಲ್ಲುಗಳಲ್ಲಿ ಮಾಡಿದ ಭೇದ ಒಂದೇ, ಹುಡುಗರಿಗೆ ಬಾರ್ ಇರುವುದು, ಹುಡುಗಿಯರಿಗೆ ಇಲ್ಲದ್ದು. ಮೊದಲ ಬೆಂಚಿನ ಗಿಡ್ಡನಿಗೂ ಕೊನೆಯ ಬೆಂಚಿನ ಲಂಬೂವಿಗೂ ಒಂದೇ ಸೈಕಲ್. ಇಬ್ಬರೂ ಶಾಲೆಗೆ ತಲುಪಿದರು. ವಾದ ಸರಿಯೇ. ಆದರೆ ಆ ಸೈಕಲ್ಲಿನ ಗುರಿ ಶಾಲೆಗೆ ಹೋಗಿ ಮನೆಗೆ ಬರುವುದು. ಮಾಕಳಿದುರ್ಗದ ಬೆಟ್ಟದ ಕಡೆಯ ಕಲ್ಲುದಾರಿಯಲ್ಲಿ ಚಕ್ರ ಥಟ್ಟನೆ ನಿಂತಾಗ ಸವಾರ ಸೀಟಿನಿಂದ ಮುಂದಕ್ಕೆ ಜಿಗಿದು ಎರಡೂ ಕಾಲು ನೆಲಕ್ಕೂರುತ್ತಾನೆ. ಆ ಕ್ಷಣದಲ್ಲಿ ಬಾರಿಗೂ ಅವನಿಗೂ ನಡುವೆ ಒಂದೆರಡು ಇಂಚು ಜಾಗ ಉಳಿಯದಿದ್ದರೆ ಎಂಥ ಅದ್ವೈತಿಯೂ ದ್ವೈತವನ್ನು ಒಪ್ಪಿಕೊಳ್ಳುತ್ತಾನೆ.

ಇನ್ನು ಸಿದ್ಧಾಂತ. ತೀರ್ಪು ಇರುವುದು ಎತ್ತರದಲ್ಲಲ್ಲ, ಚಾಚಿನಲ್ಲಿ. ಎಂದರೆ ಪೆಡಲಿನ ನಡು ಅಚ್ಚಿನಿಂದ ಮೇಲಕ್ಕೆ ಎಳೆದ ನೇರ ಗೆರೆಯಿಂದ ಹ್ಯಾಂಡಲ್ ಕೂರುವ ಫ್ರೇಮಿನ ಮುಂಗೊಳವೆಯ ಮೇಲ್ತುದಿಯವರೆಗಿನ ಅಡ್ಡಳತೆಯಲ್ಲಿ. ಒಂದೇ ಮಾದರಿಯ ‘ಎಂ’ ‘ಎಲ್’ಗಳಿಗೆ ಇದರಲ್ಲಿರುವ ಅಂತರ ಸಾಮಾನ್ಯವಾಗಿ 20ರಿಂದ 25 ಮಿಲಿಮೀಟರ್. ಇಷ್ಟೆಲ್ಲ ಸಂಕಟ ಒಂದು ಇಂಚಿನೊಳಗಿನ ಜಗಳ! ‘ಎಂ’ ಕೊಂಡು ಇಕ್ಕಟ್ಟೆನಿಸಿದರೆ ಹ್ಯಾಂಡಲನ್ನು ಮುಂದಕ್ಕೆ ಹಿಡಿದಿರುವ 40 ಮಿಲಿಮೀಟರಿನ ಸ್ಟೆಮ್ ಬಿಚ್ಚಿ 50ರದು ಹಾಕಬಹುದು. ‘ಎಲ್’ ಕೊಂಡು ಚಾಚು ಹೆಚ್ಚಾದರೆ ಈಗಾಗಲೇ ಮೋಟಾಗಿರುವ ಸ್ಟೆಮ್ಮನ್ನು ಇನ್ನೆಷ್ಟು ಮೋಟು ಮಾಡುವುದು? ಸೀಟನ್ನೇ ಮುಂದಕ್ಕೆ ತಳ್ಳಬಹುದಲ್ಲ ಎಂದರೆ, ಸೀಟಿನ ಜಾಗವನ್ನು ಗೊತ್ತುಮಾಡುವುದು ಮಂಡಿ. ಕೈಯ ಸಾಲವನ್ನು ಮಂಡಿಯಿಂದ ತೀರಿಸಕೂಡದು. ಚಿಕ್ಕದಕ್ಕೂ ಒಂದು ಮಿತಿಯಿದೆ: ಕನಿಷ್ಠ ಎಷ್ಟು ಒಳಗಿರಬೇಕೆಂದು ಸೀಟ್ ಪೋಸ್ಟಿನ ಮೇಲೆ ಕೊರೆದ ಗೆರೆ. ಸೀಟು ನಿಮ್ಮ ಎತ್ತರಕ್ಕೆ ಬರುವ ಮುಂಚೆ ಆ ಗೆರೆ ಹೊರಗೆ ಇಣುಕಿದರೆ ಫ್ರೇಮ್ ನಿಮ್ಮದಲ್ಲ. ಹಾಗೆಯೇ ಚಾಚಿದ ತೋಳುಗಳ ಅಳತೆ ಎತ್ತರಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿರುವ ಆಜಾನುಬಾಹುಗಳು ‘ಎಲ್’ಗೆ ಅರ್ಹರು. ಉಳಿದವರಿಗೆ ‘ಎಂ’, ಏಕೆಂದರೆ ಚಿಕ್ಕದನ್ನು ಒಂದಿಷ್ಟು ಹಿಗ್ಗಿಸಬಹುದು, ದೊಡ್ಡದನ್ನು ಗರಗಸವಿಲ್ಲದೆ ಕುಗ್ಗಿಸಲಾಗದು.

ಕೊನೆಯದಾಗಿ, ಎಲ್ಲ ಶಾಸ್ತ್ರಗಳನ್ನೂ ಮೀರಿದ ‘ಸ್ಟಾಕ್ ನ್ಯಾಯ’ವೊಂದಿದೆ: ಅಂಗಡಿಯಲ್ಲಿ ಯಾವುದು ಮಿಕ್ಕಿದೆಯೋ ಅದೇ ನಿಮಗೆ ಹೇಳಿ ಮಾಡಿಸಿದಂತಿರುತ್ತದೆ, ಹಾಗೆಂದು ಮಾಲೀಕರೇ ಪ್ರಮಾಣ ಮಾಡುತ್ತಾರೆ. ಇದನ್ನು ತರ್ಕದಿಂದ ಗೆದ್ದವರಿಲ್ಲ. ಆದ್ದರಿಂದ ನಿಯಮವನ್ನಷ್ಟೇ ವಿಧಿಸುತ್ತೇವೆ. ಮಿಕ್ಕಿರುವುದು ‘ಎಂ’ ಆದರೆ ಸ್ಟೆಮ್ಮನ್ನು ಬಿಟ್ಟಿಯಾಗಿ ಬದಲಾಯಿಸಿಕೊಡುವಂತೆ ಚೌಕಾಸಿ ಮಾಡಿ ಕೊಳ್ಳಿ. ‘ಎಲ್’ ಆಗಿದ್ದು ನೀವು ಆಜಾನುಬಾಹುವಲ್ಲದಿದ್ದರೆ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ, ‘ಮನೇಲಿ ಕೇಳ್ಕೊಂಡು ಬರ್ತೀನಿ’ ಎಂದು ಹೇಳಿ ಹೊರಟುಬಿಡಿ.